ಇಪ್ಪತ್ತನಾಲ್ಕನೆಯ ರಿವೆಟ್

ನಮ್ಮಣ್ಣ ಹಿತ್ತಾಳೆ ತಗಡಿನಲ್ಲಿ ರೈಲು ಎಂಜಿನ್ ಮಾಡುತ್ತಾನೆ. ಎರಡು ಅಂಗೈ ಜೋಡಿಸಿದರೆ ಅದರ ಮೇಲೆ ಕೂರುವಷ್ಟು ದೊಡ್ಡದು, ಅಷ್ಟೇ. ಆದರೆ ಅದನ್ನು ಆಟಿಕೆ ಅಂದವರ ಮುಖವನ್ನು ಅವನು ಮತ್ತೆ ನೋಡುವುದಿಲ್ಲ. ಒಮ್ಮೆ ಅತ್ತಿಗೆಯ ತಂಗಿ ಬಾಯಿ ತಪ್ಪಿ ಹಾಗೆ ಅಂದುಬಿಟ್ಟಳು. ಆಮೇಲೆ ಮೂರು ವರ್ಷ ಅವಳು ಅಣ್ಣ ಇಲ್ಲದ ಹೊತ್ತು ನೋಡಿಯೇ ಅಕ್ಕನ ಮನೆಗೆ ಬರುತ್ತಿದ್ದಳು.

ಒಂದು ಎಂಜಿನ್‌ಗೆ ನಾಲ್ಕು ಜನರ ಕೈ ಬೇಕು. ಅಮ್ಮನ ತಮ್ಮ, ಅಂದರೆ ನಮ್ಮ ಮಾವ, ಶೆಡ್ಡುಗಳಲ್ಲಿ ತುಕ್ಕು ಹಿಡಿದು ನಿಂತ ನಿಜವಾದ ಎಂಜಿನ್‌ಗಳನ್ನು ಅಳೆದು ನಕ್ಷೆ ಬರೆಯುತ್ತಿದ್ದರು. ಅಣ್ಣ ತಗಡು ಕತ್ತರಿಸಿ ಬೆಸುಗೆ ಹಾಕುತ್ತಾನೆ. ಬಣ್ಣ ಅತ್ತಿಗೆಯದು. ರಿವೆಟ್, ಅಂದರೆ ನಿಜದ ಎಂಜಿನ್‌ನಲ್ಲಿ ತಗಡುಗಳನ್ನು ಬಿಗಿದಿಡುವ ಮೊಳೆಯ ತಲೆ, ನನ್ನದು. ತಗಡಿನ ಹಿಂಬದಿಯಿಂದ ಮೊನೆಯಂತ್ರದಲ್ಲಿ ಒತ್ತಿದರೆ ಮುಂದುಗಡೆ ಸಾಸಿವೆಗಿಂತ ಸಣ್ಣ ಗುಳ್ಳೆ ಏಳುತ್ತದೆ; ಅದೇ ನಮ್ಮ ರಿವೆಟ್. ಒಂದು ಎಂಜಿನ್‌ಗೆ ಸಾವಿರದ ಮುನ್ನೂರು. ಇಪ್ಪತ್ತೆರಡು ವರ್ಷದಿಂದ ಗುಳ್ಳೆ ಎಬ್ಬಿಸುತ್ತಿದ್ದೇನೆ. ನಡುವೆ ಮದುವೆಯಾಗಿ ಹೋಗಿ ವಾಪಸ್ ಬಂದೆ ಅನ್ನುವುದು ಬಿಟ್ಟರೆ ನನ್ನ ಬದುಕಿನಲ್ಲಿ ಬೇರೆ ವಿಶೇಷವಿಲ್ಲ.

ನಮ್ಮ ಪೆಟ್ಟಿಗೆಯ ಮೇಲೆ ಒಂದು ಸಾಲು ಅಚ್ಚಾಗಿರುತ್ತದೆ: ‘ನಿಜದ ಎಂಜಿನ್‌ನಲ್ಲಿ ಎಷ್ಟು ರಿವೆಟ್ಟೋ ಇದರಲ್ಲೂ ಅಷ್ಟೇ.’ ಅಣ್ಣ ಇದನ್ನು ಜಂಬಕ್ಕೆ ಬರೆಸಿದ್ದಲ್ಲ. ಅವನು ನಿಜವಾಗಿಯೂ ಅದನ್ನು ನಂಬಿದ್ದ, ಕೊಳ್ಳುವವರೂ ನಂಬಿದ್ದರು.

ನಾಲ್ಕು ವರ್ಷದ ಹಿಂದೆ ಒಂದು ಎಂಜಿನ್ ಮಾಡಿದೆವು. ಎರಡೂ ಪಕ್ಕದಲ್ಲಿ ನೀರಿನ ತೊಟ್ಟಿ ಇರುವ ಜಾತಿ. ಎಡಗಡೆ ತೊಟ್ಟಿಯ ಕೆಳಸಾಲಿಗೆ ನಕ್ಷೆಯಲ್ಲಿ ಇಪ್ಪತ್ತಮೂರು ರಿವೆಟ್. ಮಾದರಿ ತಗಡು ಒತ್ತುವ ದಿನ ನನಗೊಂದು ಫೋನ್ ಬಂದಿತ್ತು. ಗಂಡನ ಮನೆಯದು, ಅದರ ಕಥೆ ಇಲ್ಲಿ ಬೇಡ. ಫೋನ್ ಇಟ್ಟು ಬಂದು ಸಾಲಿಗೆ ಗುರುತು ಹಾಕಿ ಒತ್ತಿದೆ. ಇಪ್ಪತ್ತನಾಲ್ಕಾಯಿತು. ನಡುವಿನ ಜಾಗವನ್ನು ಸಮನಾಗಿ ಹಂಚಿದ್ದರಿಂದ ನೋಡುವ ಕಣ್ಣಿಗೆ ಏನೂ ಗೊತ್ತಾಗುವಂತಿರಲಿಲ್ಲ. ಮಾದರಿ ನೋಡಿ ಗುರುತು ಹಾಕುವ ಅಚ್ಚುಪಟ್ಟಿ ಮಾಡಿದೆವು, ಅಚ್ಚುಪಟ್ಟಿಯಿಂದ ಅರವತ್ತು ಎಂಜಿನ್.

ಹನ್ನೆರಡನೆಯ ಎಂಜಿನ್ ಒತ್ತುವಾಗ ಸುಮ್ಮನೆ ಎಣಿಸಿದೆ. ಒಂದು ಹೆಚ್ಚಿತ್ತು. ಅಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹೇಳಿದ್ದರೆ ಆಗಲೇ ಕಳಿಸಿದ ಹನ್ನೊಂದನ್ನೂ ವಾಪಸ್ ತರಿಸುತ್ತಿದ್ದ. ಯಾರು ಎಣಿಸುತ್ತಾರೆ ಅಂದುಕೊಂಡು ತುಟಿ ಪಿಟಕ್ಕೆನ್ನಲಿಲ್ಲ. ಯಾರೂ ಎಣಿಸಲೂ ಇಲ್ಲ. ಅಥವಾ ಹಾಗಂತ ನಾನು ತಿಳಿದುಕೊಂಡಿದ್ದೆ.

ಈ ನಾಲ್ಕು ವರ್ಷದಲ್ಲಿ ಇಂಥ ಎಂಜಿನ್ ಮಾಡುವ ಒಂದು ದೊಡ್ಡ ಕಂಪನಿ ಬಂತು. ಅವರದು ಪ್ಲಾಸ್ಟಿಕ್, ಅಚ್ಚಿಗೆ ಸುರಿದು ಸಾವಿರಗಟ್ಟಲೆ ತೆಗೆಯುತ್ತಾರೆ. ನಮ್ಮದೊಂದರ ಬೆಲೆಗೆ ಅವರದು ಹನ್ನೆರಡು. ಅಣ್ಣ ಮೊದಲು ನಕ್ಕ, ಆಮೇಲೆ ಬೈದ, ಆಮೇಲೆ ಅದರ ಮಾತು ಬಂದರೆ ಎದ್ದು ಹೋಗತೊಡಗಿದ. ವರ್ಷಕ್ಕೆ ಎರಡು ಹೊಸ ಜಾತಿಯ ಎಂಜಿನ್ ತರುತ್ತಿದ್ದ ನಾವು ಒಂದಕ್ಕೆ ಇಳಿದೆವು. ಉಳಿದಿದ್ದ ಆಸೆಯೆಲ್ಲ ಮುಂದಿನದರ ಮೇಲೆ: ಹತ್ತು ಗಾಲಿಯ ಬೆಟ್ಟದ ಎಂಜಿನ್. ಅದರ ಅಳತೆ ಇದ್ದದ್ದು ಮಾವನ ಪುಸ್ತಕಗಳಲ್ಲಿ ಮಾತ್ರ.

ಅಷ್ಟರಲ್ಲಿ ಒಂದು ಸೋಮವಾರ ಹಳೆಯ ಗಿರಾಕಿಯೊಬ್ಬರು ಒಂದು ಪೊಟ್ಟಣ ಕಳಿಸಿದರು. ಬಿಚ್ಚಿದರೆ ನಮ್ಮದೇ ತೊಟ್ಟಿ ಎಂಜಿನ್, ಪ್ಲಾಸ್ಟಿಕ್ಕಿನಲ್ಲಿ, ಆ ಕಂಪನಿಯ ಹೆಸರು ಹೊತ್ತು. ಅಣ್ಣ ಅಳತೆಕಡ್ಡಿ ತಂದು ಎಲ್ಲ ಕಡೆ ಇಟ್ಟು ನೋಡಿದ. ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಆ ಜಾತಿಯ ಕೊನೆಯ ಎಂಜಿನ್ನನ್ನು ಮಾವ ಅಳೆದ ಮರುತಿಂಗಳೇ ರೈಲ್ವೆಯವರು ಗುಜರಿಗೆ ಹಾಕಿದ್ದರು. ಬೇರೆ ಯಾರ ಹತ್ತಿರವೂ ಅಳತೆ ಇರಲು ಸಾಧ್ಯವಿಲ್ಲ.

“ನಮ್ಮದನ್ನೇ ಕೊಂಡು ನೋಡಿ ಮಾಡಿರಬಹುದಲ್ವಾ?” ಅಂದರು ಅತ್ತಿಗೆ.

“ನೋಡಿ ಮಾಡಿದ್ರೆ ಇಷ್ಟು ಕರಾರುವಾಕ್ಕಾಗಿ ಬರಲ್ಲ. ಇದು ನಕ್ಷೆ,” ಅಂದ ಅಣ್ಣ. ಮಾವನ ಕಡೆ ತಿರುಗಿದ. “ಹೋದ ವರ್ಷ ಮಾದರಿಗಳ ಪ್ರದರ್ಶನದಲ್ಲಿ ಅವರ ಮೇಜಿನ ಹತ್ರ ಎರಡು ಗಂಟೆ ಕೂತಿದ್ರಿ. ಏನು ಮಾತಾಡಿದ್ರಿ?”

“ಕಾಫಿ ಕೊಟ್ರು, ಕುಡಿದೆ. ಕೆಲಸಕ್ಕೆ ಬರ್ತೀರಾ ಅಂತ ಕೇಳಿದ್ರು, ಇಲ್ಲ ಅಂದೆ.”

“ಇದನ್ನ ನನಗ್ಯಾಕೆ ಹೇಳಲಿಲ್ಲ?”

“ಇಲ್ಲ ಅಂದಮೇಲೆ ಹೇಳೋದೇನಿದೆ?”

ಅಣ್ಣ ಎಂಜಿನ್ನನ್ನು ಮೇಜಿನ ಮೇಲಿಟ್ಟ. “ಮಾವ, ನಾಳೆಯಿಂದ ನೀವು ಇಲ್ಲಿಗೆ ಬರೋದು ಬೇಡ.”

ಅಣ್ಣನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೊದಲ ಸಲ ರೈಲು ತೋರಿಸಿದ್ದು ಇದೇ ಮಾವ. ಅವರು ಏನೂ ವಾದಿಸಲಿಲ್ಲ. ಕನ್ನಡಕ ತೆಗೆದು ಜೇಬಿಗಿಟ್ಟರು, ಆ ಪ್ಲಾಸ್ಟಿಕ್ ಎಂಜಿನ್ನನ್ನು ಒಮ್ಮೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಇಟ್ಟರು. ತಮ್ಮ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಬಾಗಿಲಲ್ಲಿ ನನ್ನ ಕಡೆ ನೋಡಿದರು. ಅದು ದುಃಖದ ನೋಟ ಅಂದುಕೊಂಡೆ.

ಮಧ್ಯಾಹ್ನ ಅಣ್ಣ ಅತ್ತಿಗೆ ಊಟಕ್ಕೆ ಒಳಗೆ ಹೋದಾಗ ನಾನು ಭೂತಗನ್ನಡಿ ಹಿಡಿದು ಆ ಪ್ಲಾಸ್ಟಿಕ್ಕಿನ ಎಡ ತೊಟ್ಟಿಯ ಕೆಳಸಾಲು ಎಣಿಸಿದೆ. ಇಪ್ಪತ್ತನಾಲ್ಕು. ಮತ್ತೆ ಎಣಿಸಿದೆ. ಇಪ್ಪತ್ತನಾಲ್ಕೇ.

ನಕ್ಷೆಯಿಂದ ಮಾಡಿದ್ದರೆ ಇಪ್ಪತ್ತಮೂರು ಇರಬೇಕಿತ್ತು. ಅವರು ನಮ್ಮ ಎಂಜಿನ್ನನ್ನೇ ಕೊಂಡು ಯಾವುದೋ ಯಂತ್ರದ ಕೆಳಗಿಟ್ಟು ಕೂದಲು ಬಿಡದಂತೆ ನಕಲು ಮಾಡಿದ್ದರು. ನನ್ನ ತಪ್ಪನ್ನೂ ಸೇರಿಸಿ. ಮಾವ ಕಳ್ಳರಲ್ಲ ಅನ್ನುವುದಕ್ಕೆ ಇಡೀ ಪ್ರಪಂಚದಲ್ಲಿ ಇದ್ದ ಸಾಕ್ಷಿ ಆ ಒಂದು ಗುಳ್ಳೆ. ನಾನು ಬಾಯಿ ಬಿಟ್ಟರೆ ಸಾಕಿತ್ತು. ಬಿಡಲಿಲ್ಲ.

ಊಟದ ಮೇಲೆ ಹೇಳೋಣ ಅಂದುಕೊಂಡೆ. ಊಟದ ಮೇಲೆ ಅಣ್ಣನ ಮುಖ ನೋಡಿ ನಾಳೆ ಅಂದುಕೊಂಡೆ. ಮರುದಿನ ಅವನು ಪೆಟ್ಟಿಗೆಗಳನ್ನು ಒರೆಸಿ ಜೋಡಿಸುತ್ತಾ, “ಏನೇ ಆದ್ರೂ ಇದರ ಮೇಲಿನ ಮಾತು ಸುಳ್ಳಾಗಲಿಲ್ಲ ಕಣೇ, ಅಷ್ಟು ಸಾಕು,” ಅಂದ. ಆ ಮಾತಿನ ಎದುರಿಗೆ ನಿಂತು ‘ನಾಲ್ಕು ವರ್ಷದಿಂದ ಸುಳ್ಳಾಗಿದೆ, ಮಾಡಿದ್ದು ನಾನೇ’ ಅನ್ನುವ ಧೈರ್ಯ ನನಗಿರಲಿಲ್ಲ. ಧೈರ್ಯ ಅಂತ ದೊಡ್ಡ ಮಾತು ಯಾಕೆ, ಬೈಸಿಕೊಳ್ಳಲು ಇಷ್ಟವಿರಲಿಲ್ಲ. ನಲವತ್ತಾರು ವರ್ಷದ ಹೆಂಗಸು, ಅಣ್ಣನ ಬೈಗುಳಕ್ಕೆ ಹೆದರಿ ಸೋದರಮಾವನ ಹೆಸರಿಗೆ ಮಸಿ ಬಳಿದು ಕೂತೆ.

ನನ್ನ ಮೇಜಿನ ಎದುರಿಗೇ ಮಾವನ ನಕ್ಷೆಹಲಗೆ. ಮೂರನೆಯ ದಿನ ಅತ್ತಿಗೆ ಅದರ ಮೇಲೆ ಬಣ್ಣದ ಡಬ್ಬಿ ಇಟ್ಟರು. ಜಾಗ ಖಾಲಿ ಇದೆಯಲ್ಲ ಅಂತ ಇಟ್ಟಿದ್ದು, ಬೇರೆ ಉದ್ದೇಶವಿರಲಿಲ್ಲ.

ಐದನೆಯ ದಿನ ಮಾವನೇ ಫೋನ್ ಮಾಡಿದರು.

“ಊಟ ಆಯ್ತೇನಮ್ಮ?”

“ಆಯ್ತು ಮಾವ. ನಿಮ್ಮದು?”

“ಆಯ್ತು. ಏನಾದ್ರೂ ಹೇಳೋದಿತ್ತಾ ನನಗೆ?”

ಅಣ್ಣ ಪಕ್ಕದಲ್ಲೇ ಅರದಿಂದ ತಗಡು ಉಜ್ಜುತ್ತಿದ್ದ. “ಏನೂ ಇಲ್ಲ ಮಾವ,” ಅಂದೆ. ಅವರು “ಸರಿ ಹಾಗಾದ್ರೆ,” ಅಂತ ಇಟ್ಟರು.

ಹತ್ತನೆಯ ದಿನ ತಡೆಯಲಾಗಲಿಲ್ಲ. ಹಲ್ಲು ನೋವು ಅಂತ ಸುಳ್ಳು ಹೇಳಿ ಬಸ್ಸು ಹತ್ತಿದೆ. ಮಾವ ಇರುವುದು ಮೂರನೆಯ ಮಹಡಿಯ ಒಂದು ಕೋಣೆಯಲ್ಲಿ. ಲೋಟ ತೊಳೆಯುತ್ತಿದ್ದವರು ಕೈ ಒರೆಸಿಕೊಂಡು ಬಂದು ಕುರ್ಚಿ ಎಳೆದುಕೊಟ್ಟರು. ನಾನು ಕೂರಲಿಲ್ಲ.

“ಮಾವ, ಆ ಎಡ ತೊಟ್ಟಿ...”

“ಇಪ್ಪತ್ತನಾಲ್ಕು,” ಅಂದರು ಅವರು.

ನಾನು ಕುರ್ಚಿಯಲ್ಲಿ ಕೂತೆ.

“ನಾಲ್ಕು ವರ್ಷದ ಹಿಂದೆ ಮೊದಲನೇ ಎಂಜಿನ್ ನೋಡಿದಾಗ್ಲೇ ಗೊತ್ತಾಯ್ತು. ನಿನ್ನ ಮನೆ ವಿಷಯ ಆಗ ಏನಾಗ್ತಿತ್ತು ಅಂತಾನೂ ಗೊತ್ತಿತ್ತು. ಹೋಗ್ಲಿ ಬಿಡು ಅಂತ ಸುಮ್ಮನಾದೆ. ಅವತ್ತು ಸೋಮವಾರ ಅವರದ್ದನ್ನೂ ಬೆಳಕಿಗೆ ಹಿಡಿದು ಎಣಿಸಿದೆ.”

“ಮತ್ತೆ ಅಣ್ಣನಿಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಿನ್ನ ಹೆಸರು ಹೇಳಬೇಕಾಗಿತ್ತು. ಅದು ನೀನೇ ಹೇಳೋ ಮಾತು, ನಾನಲ್ಲ. ನೀನೂ ಎಣಿಸಿರ್ತೀಯ ಅಂತ ನನಗೆ ಖಾತ್ರಿ ಇತ್ತು. ಬರ್ತೀಯ ಅಂತ ಕಾದೆ. ಫೋನೂ ಮಾಡಿ ನೋಡಿದೆ.”

ಅವರ ಮೇಜು ಖಾಲಿಯಾಗಿತ್ತು. ಅಳತೆಯ ಪುಸ್ತಕಗಳು ಒಂದೂ ಇರಲಿಲ್ಲ. ನಾನು ನೋಡಿದ್ದನ್ನು ಅವರು ಗಮನಿಸಿದರು.

“ಮೊನ್ನೆ ಆ ಕಂಪನಿ ಕೆಲಸಕ್ಕೆ ಒಪ್ಕೊಂಡೆ,” ಅಂದರು. “ಬೆಟ್ಟದ ಎಂಜಿನ್ ಅವರೇ ಮಾಡ್ತಾರೆ. ಸ್ವಂತ ಅಕ್ಕನ ಮಗನೇ ಕಳ್ಳ ಅಂದಮೇಲೆ, ಸ್ವಂತ ಅಕ್ಕನ ಮಗಳೇ ಏನೂ ಇಲ್ಲ ಅಂದಮೇಲೆ, ಯಾರಿಗೋಸ್ಕರ ಇಟ್ಕೊಂಡು ಕೂರಲಿ?” ದನಿ ಏರಿಸದೆ ಹೇಳಿದರು. ಆಮೇಲೆ ಟೀ ಮಾಡಲಾ ಅಂತ ಕೇಳಿದರು. ಬೇಡ ಅಂದೆ. ಕ್ಷಮಿಸಿ ಅಂತ ಅವರ ಕಾಲು ಮುಟ್ಟಿದಾಗ ತಲೆ ಸವರಿದರು, ಅದು ಬೈದಿದ್ದಕ್ಕಿಂತ ಹೆಚ್ಚಾಯಿತು.

ವಾಪಸ್ ಬಂದಾಗ ಅಣ್ಣನಿಗೆ ಸುದ್ದಿ ಆಗಲೇ ಮುಟ್ಟಿತ್ತು.

“ಮಾವ ಅವರನ್ನೇ ಸೇರ್ಕೊಂಡ್ರಂತೆ. ನಾನು ಹೇಳಿದ್ದು ಸುಳ್ಳಾಯ್ತಾ?” ಅಂದ. ಅವನ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ.

ನಾನು ನಮ್ಮದು, ಕಂಪನಿಯದು ಎರಡೂ ಎಂಜಿನ್ ಅವನ ಮುಂದಿಟ್ಟೆ, ನಮ್ಮಲ್ಲೇ ಉಳಿದಿದ್ದ ಮಾವನ ನಕ್ಷೆ ಹರಡಿದೆ. “ಎಡ ತೊಟ್ಟಿ, ಕೆಳಸಾಲು. ಎಣಿಸು.”

ಅವನು ನಕ್ಷೆ ಎಣಿಸಿದ. ಪ್ಲಾಸ್ಟಿಕ್ ಎಣಿಸಿದ. ನಮ್ಮದನ್ನು ಎಣಿಸುವಾಗ ಅವನ ಬೆರಳು ಕೊನೆಯ ಗುಳ್ಳೆಯ ಮೇಲೆ ನಿಂತಿತು. ನಾನು ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಇವತ್ತು ಎಲ್ಲಿಗೆ ಹೋಗಿದ್ದೆ ಅನ್ನುವುದನ್ನೂ, ಮಾವ ಏನಂದರು ಅನ್ನುವುದನ್ನೂ ಹೇಳಿದೆ. ಬೈಯಲಿ ಅಂತ ಕಾದು ನಿಂತೆ. ಆ ಹೊತ್ತಿನಲ್ಲಿ ಬೈಗುಳವೊಂದೇ ನನಗೆ ಬೇಕಿದ್ದದ್ದು.

ಅಣ್ಣ ನಕ್ಷೆಯನ್ನು ಸುರುಳಿ ಸುತ್ತಿ ಇಟ್ಟ. ಆಮೇಲೆ ಮೆಲ್ಲಗೆ ಹೇಳಿದ:

“ಅವತ್ತೇ ಹೇಳಿದ್ರೆ ಬೈತಿದ್ದೆ ಕಣೇ. ಒಂದು ಗಂಟೆ ಬೈತಿದ್ದೆ. ಆಮೇಲೆ ಮಾವನ್ನ ಊಟಕ್ಕೆ ಕರೀತಿದ್ದೆ.”