ನವಿಲಿನ ಕತ್ತು

ನಲವತ್ತಮೂರನೆಯ ರಟ್ಟಿನ ಮೇಲೆ ಸುತ್ತಿಗೆ ಎತ್ತಿದ ಗೋಕಿಲಾಳ ಕೈ ಹಾಗೇ ನಿಂತಿತು. ಚೊಂಬಿಗೆ ಒರಗಿಸಿಟ್ಟ ಫೋನಿನಲ್ಲಿ ನವಿಲಿನ ನಕ್ಷೆ ಇತ್ತು. ನಕ್ಷೆಯ ಒಂದು ಸಾಲಿಗೆ ಒಂದು ರಟ್ಟು, ಬಣ್ಣ ತುಂಬಿದ ಚೌಕಕ್ಕೆ ಒಂದು ತೂತು. ಆ ತೂತುಗಳ ಪ್ರಕಾರ ಮಗ್ಗ ಸೀರೆಯ ಸೆರಗಿನಲ್ಲಿ ನವಿಲನ್ನು ಮೂಡಿಸುತ್ತದೆ. ಅವಳ ಕೈ ಅಭ್ಯಾಸದಿಂದ ನಾಲ್ಕು ಚೌಕ ಬಲಕ್ಕೆ ಸರಿದಿತ್ತು. ಫೋನಿನಲ್ಲಿ ಹಾಗಿರಲಿಲ್ಲ.

ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಹಳೇ ಕಾಗದದ ಮೇಲಿದ್ದ ಅರಿಸಿನದ ಕಲೆ ಇಲ್ಲ, ಮಡಿಕೆಯ ಗೆರೆ ಇಲ್ಲ. ಅವಳ ಪೆನ್ಸಿಲ್ ಚುಕ್ಕಿಗಳೂ ಇಲ್ಲ.

ಹದಿನೈದು ದಿನದ ಹಿಂದೆ ಗಂಡ ಮೋಹನ್‌ರಾಜ್ ಯಾವುದೋ ಆ್ಯಪ್ ಇಳಿಸಿಕೊಂಡು, ತಾನು ಕಾಗದದಲ್ಲಿ ಬರೆದ ನಕ್ಷೆಗಳನ್ನೆಲ್ಲ ಫೋನಿಗೆ ಏರಿಸಿದ್ದ. "ಫ್ರೀ! ಒಂದು ಬಟನ್ ಒತ್ತಿದ್ರೆ ಕಲೆ ಗಿಲೆ ಎಲ್ಲಾ ಕ್ಲೀನ್. ಎಷ್ಟು ಈಸಿ ನೋಡು, ನಿನಗೂ ಬರುತ್ತೆ," ಎಂದಿದ್ದ. ಸುಲಭ ಎಂಬುದಕ್ಕೆ ಆ ಮನೆಯಲ್ಲಿದ್ದ ಅಳತೆಗೋಲು ಅವಳೇ. ಅಂದು ಸಂಜೆಯೇ ಕಾಗದಗಳು ಹಳೇ ಪೇಪರಿನವನ ಗಾಡಿ ಹತ್ತಿದವು. ಅವುಗಳನ್ನು ಇಟ್ಟಿದ್ದ ಟ್ರಂಕಿನಲ್ಲಿ ಈಗ ಅವನ ಹೆಲ್ಮೆಟ್ ಮಲಗುತ್ತದೆ.

ಮದುವೆಯಾದ ಹೊಸತರಲ್ಲಿ ಒಮ್ಮೆ ಅವನ ನವಿಲಿನ ನಕ್ಷೆ ನೋಡಿ, "ಇಲ್ಲಿ ಕತ್ತು ತಪ್ಪಿದೆ," ಎಂದಿದ್ದಳು. ಅವನು ಎರಡು ದಿನ ಊಟ ಬಿಟ್ಟು, ಮೂರನೆಯ ದಿನ ಇಡೀ ಬೀದಿಗೆ ಕೇಳುವಂತೆ ಕೂಗಾಡಿದ್ದ. ಆಮೇಲೆ ಅವಳು ಹೇಳಲಿಲ್ಲ. ಅವನ ಶಾಯಿಯ ಪಕ್ಕ ತೆಳುವಾಗಿ ಪೆನ್ಸಿಲ್ ಚುಕ್ಕಿ ಇಟ್ಟು, ಅದರಂತೆ ತೂತು ಹಾಕಿದಳು. ಇಪ್ಪತ್ತೆರಡು ವರ್ಷ ನವಿಲುಗಳು ತಲೆ ಎತ್ತಿ ನಿಂತವು. ಕೊಯಮತ್ತೂರಿನ ಪಕ್ಕದ ತಮ್ಮೂರು ಸೋಮನೂರಿನಲ್ಲಿ ಅವನಿಗೆ ಡಿಸೈನ್ ಮಾಸ್ಟರ್ ಎಂಬ ಹೆಸರು ಬಂತು. ಆ ಕ್ಲೀನ್ ಬಟನ್ನಿಗೆ ಕಲೆಯೂ ಒಂದೇ, ಇವಳೂ ಒಂದೇ.

ನೇಯುವ ಚೆನ್ನಿಯಪ್ಪನ್ ಬಾಗಿಲಲ್ಲಿ ಇಣುಕಿದ. "ಅಟ್ಟೆಗೆ ತೂತು ಹಾಕಿ ಆಯ್ತುಂಗಳಾ ಅಮ್ಮಣಿ?"

"ಇನ್ನೂ ಹದಿನೇಳು ರಟ್ಟು ಇದೆ ಅಣ್ಣಾ."

ಅವನ ಹಿಂದೆಯೇ ಬಂದ ಮೋಹನ್‌ರಾಜ್, "ನಾಳೆ ಒಂದು ಮೊಳ ಸ್ಯಾಂಪಲ್ ಮಾತ್ರ ನೇಯ್ದು ಕೊಡುಂಗ. ಕೊಯಮತ್ತೂರು ಅಂಗಡಿಯವರ ಮುಂದೆ ನಾನೇ ಹರಡ್ತೀನಿ," ಎಂದ.

"ಹಳೇ ನವಿಲುಂಗಳಾ?"

"ಹಳೇದೇ. ಆದ್ರೆ ಈಗ ಶುದ್ಧ ಪ್ಯೂರ್. ನಾನು ಬರೆದದ್ದು ಬರೆದ ಹಾಗೇ ಇದೆ."

ಅದಂತೂ ನಿಜ, ಎಂದುಕೊಂಡಳು ಗೋಕಿಲಾ. ಆದರೂ ಬಾಯಿ ತೆರೆದಳು. "ಏನ್ರೀ, ಆ ಪೇಪರ್ ಇದ್ದಿದ್ರೆ ಒಂದು ಸಾರಿ ನೋಡಿ..."

"ಮತ್ತೆ ಪೇಪರಾ! ಪೇಪರ್‌ನ ಗೆದ್ದಲು ತಿನ್ನುತ್ತೆ. ಇದನ್ನ ಯಾರು ತಿಂತಾರೆ? ಫೋನಲ್ಲಿ ಇರೋ ಹಾಗೆ ತೂತು ಹಾಕು, ಸಾಕು. ನಿನ್ನ ಸ್ವಂತ ಮೂಳೆ ಓಡಿಸ್ಬೇಡ." ಮೂಳೆ ಎಂದರೆ ತಮಿಳಿನಲ್ಲಿ ಮಿದುಳು. ಚೆನ್ನಿಯಪ್ಪನ್ ನಗಲೋ ಬೇಡವೋ ತಿಳಿಯದೆ ಮೇಲಿನ ತೊಲೆ ನೋಡಿದ.

"ಸರಿ," ಎಂದಳು.

ಇಬ್ಬರೂ ಹೋದರು. ಎಲ್ಲೆಲ್ಲಿ ತಿದ್ದಬೇಕೆಂಬುದು ಅವಳ ಬೆರಳಿಗೆ ಇನ್ನೂ ಗೊತ್ತಿತ್ತು. ಕಣ್ಣು ಮುಚ್ಚಿಯೂ ಹೊಡೆಯಬಲ್ಲಳು. ಕೊಯಮತ್ತೂರಿನ ಅಂಗಡಿಯ ಬಿಳಿ ಹಾಸಿನ ಮೇಲೆ ಅವನು ಹೆಮ್ಮೆಯಿಂದ ಸ್ಯಾಂಪಲ್ ಹರಡುವುದನ್ನು, ಪಲ್ಲಡದ ಕೋಳಿ ಅಂಗಡಿಯಲ್ಲಿ ನೇತು ಹಾಕಿದ ಹಾಗೆ ಕತ್ತು ಮುರಿದ ನವಿಲು ಹೊರಬರುವುದನ್ನು ಅವಳು ಕಂಡಳು.

ಫೋನಿನ ಬೆಳಕು ಹೆಚ್ಚಿಸಿಕೊಂಡಳು. ನಾಲ್ಕು ಚೌಕ ಎಡಕ್ಕೆ, ಅವನು ಬರೆದಲ್ಲೇ, ಸುತ್ತಿಗೆ ಬೀಸಿದಳು.