ದೊಡ್ಡಪ್ಪನಿಗೆ ಬಿದ್ದ ಏಟು

ಇಲಿಮರಿ ಸೂಜಿಗಳಿಗೆ ದಾರ ಪೋಣಿಸುತ್ತಿದ್ದಳು. ಒಂದಕ್ಕೆ ಬಿಳಿ, ಒಂದಕ್ಕೆ ಕಪ್ಪು, ಒಂದಕ್ಕೆ ಕಂದು. ಪೋಣಿಸಿದ್ದನ್ನು ಪುಟ್ಟ ದಿಂಬಿಗೆ ಚುಚ್ಚಿ, ದಾರ ಸಿಕ್ಕಾಗದಂತೆ ಸರಿಸಿಡುತ್ತಿದ್ದಳು. ದೊಡ್ಡಮ್ಮ ಹಿಂದಿನ ಮನೆಯಿಂದ ಹೊಲಿಗೆ ಅಂಗಡಿಗೆ ಕಾಲಿಡುವುದರೊಳಗೆ ಮುಗಿಯಬೇಕು. ಸದ್ದಾದರೆ ಗುಟ್ಟು ರಟ್ಟು.

ಮಾತಿಲ್ಲದೆ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡುತ್ತಾಳೆಂದು ತಂಗಿಯ ಮಗಳಿಗೆ ಆ ಹೆಸರಿಟ್ಟವಳೇ ದೊಡ್ಡಮ್ಮ. ಹಾಗೆ ನೋಡುತ್ತಲೇ ಇಲಿಮರಿ ಕಂಡುಕೊಂಡಿದ್ದಳು: ಬೆಳಗಿನ ಹೊತ್ತು ದೊಡ್ಡಮ್ಮನ ಬೆರಳ ಗೆಣ್ಣುಗಳು ಊದಿ ಬಿಗಿದಿರುತ್ತವೆ. ಸೂಜಿಯ ಕಣ್ಣಿಗೆ ದಾರ ಹೋಗುವುದಿಲ್ಲ, ಕತ್ತರಿ ಹಿಡಿದರೆ ನೋವಿಗೆ ಮುಖ ಹಿಂಡಿಕೊಳ್ಳುತ್ತದೆ. ಬಾಯಿ ಮಾತ್ರ "ಏನಿಲ್ಲ, ಚಳಿ" ಎನ್ನುತ್ತದೆ.

ಆಸ್ಪತ್ರೆಗೆ ಹೋದಾಗ, ಚಳಿಯಲ್ಲ, ಕೀಲುವಾತ ಎಂದರು ಡಾಕ್ಟರಮ್ಮ. "ರೋಗದ ಜೊತೆ ಹೋರಾಡೋ ಬಿಳಿ ರಕ್ತಕಣಗಳು ನಿಮ್ಮಲ್ಲಿ ಒಂಚೂರು ಜಾಸ್ತೀನೇ ಚುರುಕು. ಇಂಜೆಕ್ಷನ್ ಕೊಟ್ಟು ತಗ್ಗಿಸ್ಬೇಕು" ಎಂದದ್ದೇ ತಪ್ಪಾಯಿತು. ದೊಡ್ಡಮ್ಮ ಎದೆಯುಬ್ಬಿಸಿಕೊಂಡು ಬಂದು ಬೀದಿಗೆಲ್ಲ ಡಂಗುರ ಸಾರಿದಳು.

"ನಂಗೆ ರೋಗ ತಡೆಯೋ ಶಕ್ತಿ ಜಾಸ್ತಿಯಂತೆ! ಡಾಕ್ಟ್ರೇ ಬಾಯಿಬಿಟ್ಟು ಹೇಳಿದ್ರು. ಇರೋ ಶಕ್ತೀನ ಇಳಿಸ್ಕೊಳ್ಳೋಕೆ ನಂಗೇನು ತಲೆ ಕೆಟ್ಟಿದ್ಯಾ?"

ಅಷ್ಟು ಸಾಲದೆಂದು ಶಕ್ತಿ ಹೆಚ್ಚಿಸುವ ಪುಡಿಯ ಡಬ್ಬಿಯೊಂದನ್ನೂ ತಂದಳು. ಪುಡಿ ಖಾಲಿಯಾಯಿತು, ಬೆರಳು ಇನ್ನಷ್ಟು ಊದಿತು.

ಕೊನೆಗೆ ದೊಡ್ಡಪ್ಪ ಅವಳನ್ನು ಮತ್ತೆ ಆಸ್ಪತ್ರೆಗೆ ಎಳೆದುಕೊಂಡೇ ಹೋದ. ಇಲಿಮರಿ ಚೀಲ ಹಿಡಿದು ಹಿಂದೆ.

"ಹೀಗೇ ಬಿಟ್ರೆ ಬೆರಳು ಸೊಟ್ಟಗಾಗುತ್ತೆ" ಎಂದರು ಡಾಕ್ಟರಮ್ಮ. "ಆಮೇಲೆ ಯಾವ ಔಷಧಿಗೂ ನೇರ ಆಗಲ್ಲ. ಕತ್ತರಿ ಕೆಳಗಿಡಬೇಕಾಗುತ್ತೆ, ಅಷ್ಟೇ."

"ನನ್ನ ರಕ್ತ ನನ್ನನ್ನೇ ಯಾಕೆ ಹೊಡಿಯುತ್ತೆ? ಕಥೆ ಹೇಳ್ಬೇಡಿ."

"ಸೈಟೊಕೈನ್ ಅಂತ ಇರುತ್ತಮ್ಮ. ಜೀವಕೋಶಗಳು ಒಂದನ್ನೊಂದು ಕರೆಯೋ ಸಂದೇಶ..."

ದೊಡ್ಡಮ್ಮ ಮುಖ ತಿರುಗಿಸಿದಳು. ಇನ್ನು ಇವಳು ಎದ್ದು ಹೊರಟರೆ ಮತ್ತೆ ಬರುವವಳಲ್ಲ ಎಂದು ಇಲಿಮರಿಗೆ ಗೊತ್ತಾಯಿತು. ಹೊರಗಿನವರೆದುರು ಎಂದೂ ತೆರೆಯದ ಬಾಯಿ ತೆರೆಯಿತು.

"ದೊಡ್ಡಮ್ಮಾ... ಅವತ್ತು ರಾತ್ರಿ ದೊಡ್ಡಪ್ಪ ಬೀಗದ ಕೈ ಮರೆತು ಕಿಟಕಿಯಿಂದ ಒಳಗಿಳಿದ್ರಲ್ಲ?"

"ಅದ್ಯಾಕೆ ಈಗ?" ಎಂದ ದೊಡ್ಡಪ್ಪ, ಬೆನ್ನು ಮುಟ್ಟಿಕೊಳ್ಳುತ್ತ.

"ನೀವು ಕಳ್ಳ ಕಳ್ಳ ಅಂತ ಕೂಗಿದ್ರಿ. ಬೀದಿಯೋರೆಲ್ಲ ಬಂದು ಬಾರಿಸಿದ್ರು. ಅವ್ರದ್ದೇನು ತಪ್ಪು? ಕೂಗು ಕೇಳಿ ಬಂದ್ರು."

ಡಾಕ್ಟರಮ್ಮ ಮೇಜು ತಟ್ಟಿದರು. "ಅದೇ! ಆ ಕೂಗೇ ಸೈಟೊಕೈನ್. ಕಳ್ಳ ಬಂದಾಗ ಕೂಗು ಬೇಕೇ ಬೇಕು. ನಿಮ್ಮ ಕೀಲಲ್ಲಿ ಕಳ್ಳ ಇಲ್ಲ, ಆದ್ರೂ ಕೂಗು ನಿಂತಿಲ್ಲ, ಬಿಳಿ ರಕ್ತಕಣಗಳು ಬಂದು ಕೀಲನ್ನೇ ಬಾರಿಸ್ತಿವೆ. ಈ ಇಂಜೆಕ್ಷನ್ ಆ ಕೂಗನ್ನ ತಗ್ಗಿಸುತ್ತೆ."

"ಅಂದ್ರೆ ಹೆಂಗಸರ ಬಾಯಿ ಮುಚ್ಚಿಸೋ ಔಷಧೀನಾ?" ದೊಡ್ಡಪ್ಪನ ಕಣ್ಣರಳಿತು. "ಎರಡು ಕೊಡಿ ಡಾಕ್ಟ್ರೇ."

"ಅವತ್ತು ಬಿದ್ದಿದ್ದು ಸಾಲ್ದು ಇವ್ರಿಗೆ" ಎಂದಳು ದೊಡ್ಡಮ್ಮ. ಆದರೆ ಎದ್ದು ಹೋಗಲಿಲ್ಲ. ಗಂಡನ ಬೆನ್ನನ್ನೂ ತನ್ನ ಬೆರಳನ್ನೂ ಒಂದೊಂದು ಸಲ ನೋಡಿ, ರವಿಕೆಯ ತೋಳನ್ನು ಮೇಲೆ ಸರಿಸಿದಳು.

ಮೊದಲು ಕ್ಷಯದ ಪರೀಕ್ಷೆ ಆಗಬೇಕು, ಆಮೇಲೆ ಇಂಜೆಕ್ಷನ್, ಗುಣ ಕಾಣಲು ಕೆಲವು ವಾರ, ಜ್ವರ ಬಂದರೆ ತಕ್ಷಣ ತಿಳಿಸಬೇಕು ಎಂದರು ಡಾಕ್ಟರಮ್ಮ. ದೊಡ್ಡಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಪರೀಕ್ಷೆ ಮುಗಿದು ಮೊದಲ ಇಂಜೆಕ್ಷನ್ ಚುಚ್ಚಿಸಿಕೊಂಡ ದಿನ ನೇರ ಅಂಗಡಿಗೆ ಬಂದು ಸೂಜಿಯ ದಿಂಬನ್ನು ಎತ್ತಿ ಹಿಡಿದಳು.

"ಈ ದಾರಗಳು ದಿನಾ ತಾವೇ ಹೊಕ್ಕೊಳ್ತಾವೆ ಅಂತ ನಾನು ನಂಬಿದ್ದೆ ಅಂದ್ಕೊಂಡ್ಯಾ?"

ಇಲಿಮರಿ ತಲೆ ತಗ್ಗಿಸಿದಳು. ದೊಡ್ಡಪ್ಪ ಇಸ್ತ್ರಿ ಪೆಟ್ಟಿಗೆಯ ಕಡೆ ತಿರುಗಿಕೊಂಡ. ದೊಡ್ಡಮ್ಮ ದಿಂಬನ್ನು ಮೊದಲಿದ್ದಲ್ಲೇ ಇಟ್ಟಳು.

"ನಾಳೆಯಿಂದ ಒಂದು ಸೂಜಿ ನಂಗೆ ಪೋಣಿಸೋಕೆ ಬಿಡೇ."

ಹೊಲಿಗೆ ಯಂತ್ರ ಓಡತೊಡಗಿತು.