ಏಳು ದಿನದ ಪಥ್ಯ

ಅಕ್ಕನ ಮಾತಿಗೆ ಆ ಮನೆಯಲ್ಲಿ ಎದುರಾಡುವವರು ಇರಲಿಲ್ಲ. ನಾಲ್ಕು ವರ್ಷದ ಹಿಂದೆ ತಮ್ಮನನ್ನು ಸಾವಿನ ದವಡೆಯಿಂದ ಎಳೆದು ತಂದವಳು ಅವಳೇ ತಾನೆ.

ತಮ್ಮ ನೆಲಕ್ಕೆ ಟೈಲ್ಸ್ ಹಾಕುವವನು. ದಿನವಿಡೀ ಮೊಣಕಾಲೂರಿ ಕೂತು ಸೊಂಟ ಹಿಡಿದುಕೊಂಡಾಗ ಜೊತೆಯ ಕೆಲಸದವನೊಬ್ಬ ನೋವಿನ ಗುಳಿಗೆ ಕೊಟ್ಟಿದ್ದ. ಅಫೀಮಿನ ಜಾತಿಯದು. ನೋವು ಹೋಗಿ ವರ್ಷವಾದರೂ ಗುಳಿಗೆ ಹೋಗಲಿಲ್ಲ. ಒಂದಿದ್ದದ್ದು ದಿನಕ್ಕೆ ಹದಿನೆಂಟಾಯಿತು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿ, ಹೊಟ್ಟೆ ಕಲ್ಲುಗಟ್ಟಿ, ಮಾತಾಡುತ್ತಾಡುತ್ತಲೇ ತೂಕಡಿಸುತ್ತಿದ್ದ. ಅಕ್ಕ ತಾನು ಮೇಲ್ವಿಚಾರಕಿಯಾಗಿದ್ದ ಹೋಟೆಲಿನ ಲಾಂಡ್ರಿಗೆ ಒಂದು ವಾರ ರಜೆ ಹಾಕಿ, ಅವನನ್ನು ಹಿಂದಿನ ಕೋಣೆಗೆ ತಳ್ಳಿ, ಹೊರಗಿನಿಂದ ಚಿಲಕ ಹಾಕಿದಳು. ಆಕಳಿಕೆ, ಸೋರುವ ಮೂಗು, ವಾಂತಿ, ಭೇದಿ, ಮೂಳೆ ಮುರಿದಂತೆ ಮೈನೋವು. ಎಂಟನೆಯ ದಿನ ಹೊರಬಂದವನು ಒಣಗಿದ ಕಡ್ಡಿಯಂತಿದ್ದ, ಆದರೆ ಬದುಕಿದ್ದ. ಮತ್ತೆಂದೂ ಗುಳಿಗೆ ಮುಟ್ಟಲಿಲ್ಲ.

ಅಂದಿನಿಂದ ಬೀದಿಯವರು ಅವಳನ್ನು ‘ಏಳು ದಿನದ ಡಾಕ್ಟ್ರು’ ಎಂದು ಕರೆಯತೊಡಗಿದರು. ಅವಳು ಬೇಡವೆನ್ನಲಿಲ್ಲ.

ಆದ್ದರಿಂದ ಕೊನೆಯ ತಂಗಿ ಚೀಲ ಹಿಡಿದು ಬಂದು ನಿಂತ ದಿನ ಏನು ಮಾಡಬೇಕೆಂದು ಅಕ್ಕ ಒಂದು ನಿಮಿಷವೂ ಯೋಚಿಸಲಿಲ್ಲ. ತಂಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಗಂಡ ಬಿಟ್ಟುಹೋದ ವರ್ಷ ನಿದ್ದೆ ಹತ್ತದೆ ವೈದ್ಯರಲ್ಲಿಗೆ ಹೋಗಿದ್ದಳು. ಹತ್ತು ದಿನಕ್ಕೆಂದು ಅವರು ಬರೆದುಕೊಟ್ಟ ಅರ್ಧ ಮಾತ್ರೆ, ಮೂರು ವರ್ಷದಲ್ಲಿ ದಿನಕ್ಕೆ ಹತ್ತಾಗಿತ್ತು. ಬೆಳಗ್ಗೆ ಆಡಿದ ಮಾತು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ಒಂದೇ ವಾರದಲ್ಲಿ ಎರಡು ಸಲ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿದಳು. ಮಾಲೀಕ ಎರಡು ವಾರ ರಜೆ ಕೊಟ್ಟು, “ಸರಿಹೋಗಿ ಬಾ, ಇಲ್ಲಾಂದ್ರೆ ಬರ್ಲೇಬೇಡ” ಎಂದಿದ್ದ.

“ಹತ್ತೇನೇ? ಇವನು ಹದಿನೆಂಟು ನುಂಗ್ತಿದ್ದ,” ಅಕ್ಕ ತಮ್ಮನತ್ತ ಗದ್ದ ಎತ್ತಿ ತೋರಿಸಿದಳು.

“ನಾನು ಫಸ್ಟ್ ಕ್ಲಾಸು, ಇವಳು ಬರೀ ಪಾಸು,” ತಮ್ಮ ನಕ್ಕ. “ಹೆದರ್ಬೇಡ ಪುಟ್ಟೀ. ಮೂರನೇ ದಿನ ಗೋಡೆ ಕೆರೀತೀಯ, ನಾಲ್ಕನೇ ದಿನ ಅಕ್ಕಂಗೆ ಹಿಡಿಶಾಪ ಹಾಕ್ತೀಯ, ಎಂಟನೇ ದಿನ ತೆಪ್ಪಗೆ ಊಟ ಕೇಳ್ತೀಯ.”

“ಅಲ್ಲಣ್ಣ, ಔಷಧಿ ಅಂಗಡಿಯೋನು ಇದನ್ನ ಒಂದೇ ಸಲ ನಿಲ್ಲಿಸ್ಬಾರ್ದು ಅಂದ.”

“ಮಾರೋನು ನಿಲ್ಲಿಸು ಅಂತಾನೇನೇ?” ಎಂದಳು ಅಕ್ಕ. “ತಾ ಇಲ್ಲಿ.”

ತಂಗಿ ಚೀಲದಿಂದ ಒಂದೊಂದೇ ಮಾತ್ರೆಯ ಪಟ್ಟಿ ತೆಗೆದುಕೊಟ್ಟಳು. ಅಕ್ಕ ಮಾತ್ರೆಗಳನ್ನೆಲ್ಲ ಒತ್ತಿ ತೆಗೆದು ಕಕ್ಕಸಿಗೆ ಸುರಿದು ನೀರು ಬಿಟ್ಟಳು. ಕೋಣೆಗೆ ಮತ್ತೆ ಚಿಲಕ ಬಿತ್ತು.

ಮೊದಲ ದಿನ ತಂಗಿ ಕಣ್ಣು ಮುಚ್ಚಲಿಲ್ಲ. ಎರಡನೆಯ ದಿನ ಹಾಸಿದ ಬಟ್ಟೆ ಹಿಂಡುವಷ್ಟು ಬೆವರು. ಲೋಟ ಹಿಡಿದರೆ ಅರ್ಧ ನೀರು ನೆಲಕ್ಕೆ. “ಅಕ್ಕಾ, ಲೈಟು ಕಿರುಚ್ತಿದೆ, ಆರ್ಸು,” ಎಂದಳು. ಲೈಟು ಆರಿಯೇ ಇತ್ತು. ಆಮೇಲೆ ಕೈಯ ಮೇಲಿಂದ ಇಲ್ಲದ ಇರುವೆಗಳನ್ನು ಹೆಕ್ಕತೊಡಗಿದಳು.

ಬಾಗಿಲ ಸಂದಿಯಲ್ಲಿ ಇಣುಕಿದ ತಮ್ಮನ ನಗು ಇಂಗಿತು. “ಅಕ್ಕಾ, ನಂಗೆ ಇರುವೆಗಿರುವೆ ಕಂಡಿರ್ಲಿಲ್ಲ.”

“ಆಗ ನಿನ್ನ ತಲೇಲಿ ನೆನಪಿಟ್ಕೊಳ್ಳೋಕೆ ಜಾಗ ಎಲ್ಲಿತ್ತೋ? ಸುಮ್ನಿರು.”

ತಮ್ಮ ಬಾಗಿಲಿಂದ ಸರಿದ. ಜೀವ ಉಳಿಸಿದವಳ ಜೊತೆ ವಾದಿಸುವುದು ಹೇಗೆ?

ಮೂರನೆಯ ದಿನ ಮಧ್ಯಾಹ್ನ ಕೋಣೆಯೊಳಗೆ ಏನೋ ಧಡ್ಡೆಂದು ಬಿತ್ತು. ಅಕ್ಕ ಚಿಲಕ ತೆಗೆದರೆ, ತಂಗಿ ನೆಲದ ಮೇಲೆ ಬಿಲ್ಲಿನಂತೆ ಸೆಟೆದು ಕೈಕಾಲು ಬಡಿಯುತ್ತಿದ್ದಳು. ಬಾಯಿಂದ ನೊರೆ, ನೊರೆಯಲ್ಲಿ ರಕ್ತ. ತಮ್ಮ ಅವಳನ್ನು ಹೊತ್ತು ಪಕ್ಕದ ಮನೆಯವರ ಕಾರಿಗೆ ಹಾಕಿದ.

ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದರು, “ಮುಂಚೆ ಫಿಟ್ಸ್ ಬಂದಿತ್ತಾ?”

“ಇಲ್ಲ.”

“ಕುಡಿಯೋದು, ನಿದ್ದೆ ಮಾತ್ರೆ ಏನಾದ್ರೂ? ಇತ್ತೀಚೆಗೆ ನಿಲ್ಲಿಸಿದ್ರಾ?”

ಅಕ್ಕನ ಕಣ್ಣ ಮುಂದೆ ಕನ್ನಡಕದ ಅಂಗಡಿಯ ಮಾಲೀಕ ಬಂದ, ಬೀದಿ ಬಂತು, ತನ್ನ ಹೆಸರೂ ಬಂತು. “ಅಂಥದ್ದೇನಿಲ್ಲ ಡಾಕ್ಟ್ರೇ. ಪಾಪದ ಹುಡುಗಿ.”

ತಮ್ಮ ಅವಳ ಮುಖ ನೋಡಿ ತಲೆ ತಗ್ಗಿಸಿದ. ವೈದ್ಯೆ ತಲೆಯ ಸ್ಕ್ಯಾನಿಗೆ ಬರೆದರು. ಅದರ ಸರದಿ ಕಾಯುತ್ತಿದ್ದ ಇಪ್ಪತ್ತು ನಿಮಿಷದಲ್ಲೇ ಪರದೆಯ ಹಿಂದೆ ಮಂಚ ಗಡಗಡ ಅಲುಗಿತು. ಎರಡನೆಯ ಫಿಟ್ಸು ಮೊದಲಿನದಕ್ಕಿಂತ ಜೋರಾಗಿತ್ತು.

“ಹೇಳಕ್ಕಾ!” ತಮ್ಮ ಅರಚಿದ. “ಹೇಳ್ತೀಯೋ, ನಾನೇ ಹೇಳ್ಲೋ?”

ಅಕ್ಕ ಹೇಳಿದಳು. ಮಾತ್ರೆಯ ಹೆಸರು, ಎಷ್ಟು ವರ್ಷ, ದಿನಕ್ಕೆಷ್ಟು, ಯಾವಾಗ ನಿಂತಿತು, ತಮ್ಮನಿಗೆ ಗುಳಿಗೆ ಬಿಡಿಸಿದ್ದು ಹೇಗೆ, ಎಲ್ಲ.

ಸೂಜಿಯಲ್ಲಿ ಮದ್ದು ಹೋಗಿ ಮೈ ಸಡಿಲವಾದ ಮೇಲೆ ವೈದ್ಯೆ ಹೊರಬಂದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅಕ್ಕನಿಗೆ ಆಮೇಲೆ ಅನಿಸಿತು.

“ನಿಮ್ಮ ತಮ್ಮಂದು ಬೇರೆ, ಇದು ಬೇರೆಮ್ಮ. ಅವ್ರು ಬಿಟ್ಟಾಗ ನರಕ ಕಂಡಿರ್ತಾರೆ, ಆದ್ರೆ ಸಾಮಾನ್ಯವಾಗಿ ಪ್ರಾಣಕ್ಕೆ ಬರಲ್ಲ. ಅದನ್ನೂ ಡಾಕ್ಟ್ರ ಕಣ್ಣೆದುರೇ ಬಿಡಿಸ್ಬೇಕು. ಈ ನಿದ್ದೆ ಮಾತ್ರೆ ಮೆದುಳಿಗೆ ಬ್ರೇಕ್ ಇದ್ದ ಹಾಗೆ. ಮೂರು ವರ್ಷ ಒತ್ತಿ ಹಿಡಿದ ಬ್ರೇಕನ್ನ ಒಂದೇ ಸಲ ಬಿಟ್ರೆ ಹೀಗಾಗತ್ತೆ. ವಿಪರೀತ ಕುಡಿಯೋರು ಥಟ್ಟನೆ ನಿಲ್ಲಿಸಿದ್ರೂ ಅಷ್ಟೆ. ಸ್ವಲ್ಪ ಸ್ವಲ್ಪವೇ, ತಿಂಗಳುಗಟ್ಟಲೆ ಇಳಿಸ್ಬೇಕು.”

“ಈಗ ಕೊಟ್ಟಿದ್ದೇನು ಡಾಕ್ಟ್ರೇ?”

“ಅದೇ ಜಾತಿ ಔಷಧಿ. ಬಂದ ತಕ್ಷಣ ಹೇಳಿದ್ದಿದ್ರೆ ಆಗ್ಲೇ ಕೊಡ್ತಿದ್ವಿ. ಎರಡನೇದ್ರಲ್ಲಿ ಬಲಗಡೆ ಭುಜ ಕೀಲು ಬಿಟ್ಟಿದೆ, ಮೂಳೇನೂ ಒಡೆದಿದೆ. ಏನು ಕೆಲಸ ಮಾಡ್ತಾರೆ ಅವ್ರು?”

ರಕ್ತದ ಕಲೆಯನ್ನು ಬಿಸಿನೀರಿಗೆ ಹಾಕಿದ ಹುಡುಗಿಯರನ್ನು ಲಾಂಡ್ರಿಯಲ್ಲಿ ಇಪ್ಪತ್ತು ವರ್ಷದಿಂದ ಬೈಯುತ್ತ ಬಂದವಳು ಅಕ್ಕ. ಎಣ್ಣೆಗೆ ಬಿಸಿನೀರು, ರಕ್ತಕ್ಕೆ ತಣ್ಣೀರು, ಕಲೆ ಯಾವುದೆಂದು ನೋಡದೆ ಮುಟ್ಟಬಾರದು. ಇದು ಮೊದಲ ದಿನವೇ ಅವಳು ಹೇಳಿಕೊಡುತ್ತಿದ್ದ ಪಾಠ.

ಐದನೆಯ ದಿನ ತಂಗಿಗೆ ಪೂರ್ತಿ ಎಚ್ಚರವಾಯಿತು. ನಾಲಿಗೆ ಊದಿಕೊಂಡು ಮಾತು ತೊದಲುತ್ತಿತ್ತು.

“ಏಳು ದಿನ ಆಯ್ತಾಕ್ಕಾ?”

“ಇಲ್ಲ ಕಣೇ.” ಅಕ್ಕ ಮಂಚದ ಸರಳು ಹಿಡಿದುಕೊಂಡಳು. “ನಂದು ತಪ್ಪಾಯ್ತು. ನಿಲ್ಲಿಸ್ಬಾರದ್ದನ್ನ ನಿಲ್ಲಿಸ್ದೆ. ಡಾಕ್ಟ್ರು ಕೇಳಿದ್ರೆ ಸುಳ್ಳೂ ಹೇಳ್ದೆ. ನಿನ್ನ ಭುಜ ಹೋಗಿದ್ದು ಅದಾದ್ಮೇಲೆ.”

ತಂಗಿ ಬ್ಯಾಂಡೇಜು ಸುತ್ತಿದ ತೋಳನ್ನು, ಅದರ ತುದಿಯಲ್ಲಿ ಬಾತುಕೊಂಡ ಬೆರಳುಗಳನ್ನು ನೋಡಿಕೊಂಡಳು.

“ನಂಗೆ ಒಂದೂ ನೆನಪಿಲ್ಲ,” ಎಂದಳು. “ಆ ನೆನಪೂ ನೀನೇ ಇಟ್ಕೋ.”

ನರ್ಸು ಬಂದು ಮಾತ್ರೆಯ ಪಟ್ಟಿ, ಇಳಿಸುವ ಕ್ರಮ ಬರೆದ ಚೀಟಿ ಎರಡನ್ನೂ ಎತ್ತಿ ಹಿಡಿದಳು. “ಇವನ್ನ ರೋಗಿ ಕೈಗೆ ಕೊಡೋ ಹಾಗಿಲ್ಲ. ಮನೇಲಿ ಇಟ್ಕೊಂಡು ಹೊತ್ತುಹೊತ್ತಿಗೆ ಕೊಡೋರು ಯಾರು?”

ಅಕ್ಕನ ಕೈ ತಾನಾಗಿಯೇ ಮುಂದೆ ಹೋಯಿತು.

“ಅಣ್ಣನ ಹತ್ರ ಕೊಡಿ,” ಎಂದಳು ತಂಗಿ.

ತಮ್ಮ ಗೋಡೆಯ ಬಳಿಯಿಂದ ಹಿಂಜರಿಯುತ್ತ ಬಂದ. ನಾಲ್ಕು ವರ್ಷದಲ್ಲಿ ತಲೆನೋವಿಗೂ ಒಂದು ಮಾತ್ರೆ ಮುಟ್ಟದವನು. ಪಟ್ಟಿ ಅಂಗೈಗೆ ಬಿದ್ದಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಹೆಬ್ಬೆರಳು ಒಂದು ಉಬ್ಬಿನ ಮೇಲೆ ಅಗತ್ಯಕ್ಕಿಂತ ತುಸು ಹೆಚ್ಚು ಹೊತ್ತು ನಿಂತಿತು. ಅಕ್ಕ ಬೇಡ ಎನ್ನಲು ಬಾಯಿ ತೆರೆದಳು. ತಂಗಿ ಅವಳನ್ನೇ ನೋಡುತ್ತಿದ್ದಳು.

ಅಕ್ಕ ಬಾಯಿ ಮುಚ್ಚಿಕೊಂಡಳು. ತಮ್ಮ ಪಟ್ಟಿಯನ್ನು ಜೇಬಿಗಿಳಿಸಿದ.